ಅಂಜಿದ ನಾಯಿಯ ಮಾತು

ನಾಯಿಯ ಬಾಲವನ್ನು ನಳಿಗೆಯಲ್ಲಿಟ್ಟರೂ ಅದರ ಡೊಂಕು ಹೋಗದೆಂಬ ಗಾದೆಯನ್ನು ಅರಿಯದ ಕನ್ನಡಿಗನಿರಲಾರ. ಗಾದೆ ಹುಟ್ಟಿದುದು ನಾಯಿಗಾಗಿ ಅಲ್ಲ. ತಿದ್ದಿದರೂ ತಿದ್ದಿಕೊಳ್ಳದ ಮನುಷ್ಯನಿಗಾಗಿ. ಆದರೆ ಉಪಮಾನಕ್ಕೂ ಒಂದು ದುರದೃಷ್ಟವುಂಟು. ಯಾವುದನ್ನು ಹೋಲಿಕೆಗೆಂದು ಕರೆತಂದೆವೋ ಕೊನೆಗೆ ಅದರ ತಲೆಯ ಮೇಲೆಯೇ ತೀರ್ಪು ಬಂದು ಕೂರುತ್ತದೆ. ಒಮ್ಮೆ ಕಚ್ಚಿದ ನಾಯಿ ಎಂದೆಂದಿಗೂ ಕಚ್ಚುವ ನಾಯಿಯೇ ಎಂದು ನಾವು ನಿಶ್ಚಯಿಸಿಬಿಡುತ್ತೇವೆ. ಅನಾದರದಲ್ಲಿ ಬೆಳೆದು, ಮನುಷ್ಯನ ನೆರಳಿಗೇ ಬೆದರಿ, ಹತ್ತಿರ ಬಂದವರ ಕೈಗೆ ಬಾಯಿ ಹಾಕುವ ನಾಯಿಯೊಂದು ಮತ್ತೆ ಒಂದು ಮನೆಯ ಹೊಸ್ತಿಲ ಬಳಿ ನೆಮ್ಮದಿಯಾಗಿ ಮಲಗುವುದು ಸಾಧ್ಯವೆ? ಈ ಪ್ರಶ್ನೆಯನ್ನು ಸಾಹಿತ್ಯದ ಪುಟದಲ್ಲಿ ಎತ್ತುವುದು ಅಪ್ರಸ್ತುತವೆಂದು ವಾಚಕರು ಭಾವಿಸಬಾರದು. ನನ್ನ ದೃಷ್ಟಿಯಲ್ಲಿ ಇದು ಮೊದಲಿನಿಂದ ಕೊನೆಯವರೆಗೂ ಭಾಷೆಯ ಪ್ರಶ್ನೆ. ಒಬ್ಬರು ಹೇಳಿದುದನ್ನು ಇನ್ನೊಬ್ಬರು ಕೇಳಿಸಿಕೊಳ್ಳದೆ ಹೋದರೆ ಏನಾಗುತ್ತದೆಂಬ ಪ್ರಶ್ನೆ.

2025ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಬೀದಿನಾಯಿಗಳ ವಿಚಾರ ದೇಶದ ಮನೆಮನೆಯ ಚರ್ಚೆಯಾಯಿತು. ಆ ತಿಂಗಳ 11ರಂದು ಸರ್ವೋಚ್ಚ ನ್ಯಾಯಾಲಯವು ದೆಹಲಿ ಮತ್ತು ಅದರ ಸುತ್ತಣ ಪ್ರದೇಶದ ಬೀದಿನಾಯಿಗಳನ್ನು ಹಿಡಿದು ಆಶ್ರಯತಾಣಗಳಲ್ಲಿಡಬೇಕೆಂದು ಆಜ್ಞಾಪಿಸಿತು. 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಮಾರ್ಪಡಿಸಿ, ಸಂತಾನಹರಣ ಚಿಕಿತ್ಸೆ ಮಾಡಿ ಲಸಿಕೆ ಹಾಕಿದ ನಾಯಿಗಳನ್ನು ಹಿಡಿದ ಸ್ಥಳಕ್ಕೇ ಮರಳಿ ಬಿಡಬೇಕೆಂದಿತು. ಹುಚ್ಚು ತಗುಲಿದ ಅಥವಾ ತಗುಲಿರಬಹುದೆಂಬ ಶಂಕೆಯುಳ್ಳ ನಾಯಿಗಳಿಗೂ, ಆಕ್ರಮಣ ಸ್ವಭಾವವನ್ನು ತೋರುವ ನಾಯಿಗಳಿಗೂ ಮಾತ್ರ ಈ ವಿನಾಯಿತಿಯಿಲ್ಲವೆಂದು ಹೇಳಿತು. ಆಜ್ಞೆಯ ಗುಣದೋಷಗಳನ್ನು ನಾನಿಲ್ಲಿ ವಿಮರ್ಶಿಸಹೊರಟಿಲ್ಲ. ‘ಆಕ್ರಮಣ’ ಎಂಬ ಒಂದು ಮಾತಿನ ಮೇಲೆ ವಾಚಕರ ಗಮನವನ್ನು ಸೆಳೆಯುವುದಷ್ಟೇ ನನ್ನ ಉದ್ದೇಶ. ಆ ಶಬ್ದದ ಮೂಲಾರ್ಥ, ಮುಂದೆ ಹೆಜ್ಜೆಯಿಟ್ಟು ಮೇಲೆ ಬೀಳುವುದು. ಹಾಗೆ ಮುಂದೆ ಬರುವ ನಾಯಿಗಳೂ ಉಂಟು. ಆದರೆ ಅಂಜಿದ ನಾಯಿ ಮುಂದೆ ಹೆಜ್ಜೆಯಿಡುವುದಿಲ್ಲ, ಹಿಂದೆ ಇಡುತ್ತದೆ. ಹಿಂದೆ ಗೋಡೆ ಸಿಕ್ಕ ಮೇಲೆ, ಕೊರಳಿನ ಸರಪಣಿ ಬಿಗಿದ ಮೇಲೆ, ಬೇರೆ ದಾರಿಯಿಲ್ಲದೆ ಕಚ್ಚುತ್ತದೆ. ಗಾಯ ಒಂದೇ ಬಗೆಯದಾದರೂ ಕಾರಣ ಬೇರೆ; ಕಾರಣ ಬೇರೆಯಾದುದರಿಂದ ಚಿಕಿತ್ಸೆಯೂ ಬೇರೆ. ಎರಡನ್ನೂ ಒಂದೇ ಹೆಸರಿನಿಂದ ಕರೆದ ಕೂಡಲೇ ಒಂದಕ್ಕೆ ಅನ್ಯಾಯವಾಗುತ್ತದೆ.

ಅಂಜಿಕೆಯ ಬೆಲೆಯನ್ನು ನಮ್ಮ ಹಿರಿಯರು ಅರಿಯದವರಲ್ಲ. ಮಹಾಭಾರತದ ನಾಯಿಯೆಂದರೆ ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲವರೆಗೂ ನಡೆದ ನಾಯಿ ಎಲ್ಲರಿಗೂ ನೆನಪಾಗುತ್ತದೆ. ವ್ಯಾಸಭಾರತದ ಆದಿಪರ್ವದ ಮೊದಮೊದಲಲ್ಲೇ ಇನ್ನೊಂದು ನಾಯಿ ಬರುತ್ತದೆ. ಅದನ್ನು ನೆನೆಯುವವರು ಕಡಮೆ. ಕುರುಕ್ಷೇತ್ರದಲ್ಲಿ ಜನಮೇಜಯನು ತಮ್ಮಂದಿರೊಡನೆ ದೀರ್ಘಸತ್ರದಲ್ಲಿ ತೊಡಗಿದ್ದಾಗ ದೇವಶುನಿಯಾದ ಸರಮೆಯ ಮಗ ಅಲ್ಲಿಗೆ ಬಂದನು. ರಾಜನ ತಮ್ಮಂದಿರು ಅವನನ್ನು ಹೊಡೆದಟ್ಟಿದರು. ಅಳುತ್ತ ಬಂದ ಮಗನನ್ನು ತಾಯಿ ಕೇಳಿದುದು, ನೀನೇನೋ ತಪ್ಪು ಮಾಡಿರಬೇಕಲ್ಲವೆ ಎಂದು. ಹವಿಸ್ಸನ್ನು ನೆಕ್ಕಲಿಲ್ಲ, ಅದರತ್ತ ನೋಡಲೂ ಇಲ್ಲ ಎಂದನು ಮಗ. ಸರಮೆ ಯಜ್ಞಶಾಲೆಗೆ ಹೋಗಿ ಕಾರಣವನ್ನು ಕೇಳಿದಳು; ಯಾರೂ ಉತ್ತರ ಕೊಡಲಿಲ್ಲ. ತಪ್ಪಿಲ್ಲದವನನ್ನು ಹೊಡೆದುದರಿಂದ ಕಾಣದ ಭಯವೊಂದು ನಿಮ್ಮನ್ನು ಬಂದು ಮುಟ್ಟುವುದೆಂದು ಆಕೆ ಶಪಿಸಿದಳು. ಶಾಪದ ಒಕ್ಕಣೆ ಗಮನಾರ್ಹವಾದುದು. ಹೊಡೆತಕ್ಕೆ ಹೊಡೆತವನ್ನಲ್ಲ, ಭಯಕ್ಕೆ ಭಯವನ್ನು ಆಕೆ ಪ್ರತಿಯಾಗಿ ಕೊಟ್ಟಳು. ನಾವು ನಾಯಿಯೊಳಗೆ ತುಂಬಿದ ಭಯವೇ ತಿರುಗಿ ನಮ್ಮ ಬೀದಿಗಳಲ್ಲಿ ನಮ್ಮ ಭಯವಾಗಿ ಅಲೆಯುತ್ತದೆಂಬುದನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಕಷ್ಟ.

ಭಯ ಹೇಗೆ ತುಂಬುತ್ತದೆಂಬುದನ್ನು ಈಗ ಶಾಸ್ತ್ರವೂ ವಿವರಿಸಬಲ್ಲದು. ಅಮೆರಿಕದ ಬಾರ್ ಹಾರ್ಬರಿನ ಪ್ರಯೋಗಾಲಯದಲ್ಲಿ ನಡೆದು 1961ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೆಲವು ನಾಯಿಮರಿಗಳನ್ನು ಬೇಲಿ ಹಾಕಿದ ಬಯಲಿನಲ್ಲಿ ಮನುಷ್ಯರ ಒಡನಾಟವಿಲ್ಲದೆ ಬೆಳೆಸಲಾಯಿತು. ಕೆಲವು ವಾರಗಳ ವಯಸ್ಸಿನಲ್ಲೇ ಮನುಷ್ಯರ ನಡುವೆ ಸ್ವಲ್ಪ ಕಾಲ ಕಳೆದ ಮರಿಗಳು ಅವರಿಗೆ ಹೊಂದಿಕೊಂಡವು. 14 ವಾರ ತುಂಬುವವರೆಗೂ ಮನುಷ್ಯಸಂಗವಿಲ್ಲದೆ ಉಳಿದವು ಕಾಡುಪ್ರಾಣಿಗಳಂತೆ ಬೆದರಿಯೇ ಉಳಿದವು. ಮಗುವಿಗೆ ಮಾತು ಬರುವ ವಯಸ್ಸೊಂದಿರುವಂತೆ, ಮರಿಗೆ ಲೋಕವನ್ನು ನಂಬುವ ವಯಸ್ಸೊಂದಿದೆ. ಸುಮಾರು 3 ವಾರಗಳಿಂದ 14 ವಾರಗಳೊಳಗೆ ಅದು ಯಾವ ಕೈಗಳನ್ನು, ಯಾವ ದನಿಗಳನ್ನು ಕಂಡಿತೋ ಅವು ಅದಕ್ಕೆ ಪರಿಚಿತ; ಮಿಕ್ಕವೆಲ್ಲ ಅಪಾಯ. ಆ ಅವಧಿಯನ್ನು ಒಂದು ಗೂಟದ ಸುತ್ತ ಕಳೆದ ಮರಿಗೆ ಜಗತ್ತೆಂದರೆ ಸರಪಣಿಯ ಉದ್ದವಷ್ಟೆ.

ಇಂಥ ಬಾಳನ್ನು ನಮ್ಮ ಕಾನೂನು ಒಪ್ಪುವುದಿಲ್ಲ. ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಮಂಡಿಸಿದ ಮಸೂದೆಯ ಫಲವಾಗಿ 1960ರಲ್ಲಿ ಬಂದ ಪ್ರಾಣಿಹಿಂಸಾ ನಿವಾರಣ ಕಾಯಿದೆಯು, ನಾಯಿಯನ್ನು ಸದಾ ಕಟ್ಟಿಹಾಕಿ ಅಡ್ಡಾಡಿಸದೆ ಇರುವ ಒಡೆಯನ ಉಪೇಕ್ಷೆಯನ್ನೂ ಅಪರಾಧವೆಂದು ಸ್ಪಷ್ಟವಾಗಿ ಎಣಿಸಿದೆ. ಮೊದಲ ಅಪರಾಧಕ್ಕೆ ಅಂದು ಗೊತ್ತುಮಾಡಿದ ದಂಡ 10 ರೂಪಾಯಿಗಳಿಗೆ ಕಡಮೆಯಿಲ್ಲದೆ 50 ರೂಪಾಯಿಗಳವರೆಗೆ. ಅರುವತ್ತು ವರ್ಷಗಳು ಕಳೆದರೂ ಆ ಅಂಕಿ ಏರಲಿಲ್ಲ. ಆ 50 ರೂಪಾಯಿಯಲ್ಲಿ ನಾಯಿಗೆ ಕಟ್ಟುವ ಒಂದು ಒಳ್ಳೆಯ ಸರಪಣಿಯೂ ಇಂದು ಬರುವುದಿಲ್ಲ.

ನಮ್ಮ ಬಡಾವಣೆಯಲ್ಲಿಯೇ ನಡೆದ ಸಂಗತಿಯೊಂದನ್ನು ಹೇಳುತ್ತೇನೆ. ಮನೆಯೊಂದು ಏಳುತ್ತಿದ್ದಾಗ ಸಿಮೆಂಟು, ಕಬ್ಬಿಣಗಳ ಕಾವಲಿಗೆಂದು ಒಂದು ಕರಿಯ ಮರಿಯನ್ನು ತಂದು ಕಟ್ಟಿದರು. ಎರಡು ವರ್ಷ ಅದು ಅಲ್ಲಿಯೇ ಇತ್ತು. ಕೂಲಿಯವರು ಉಳಿದುದನ್ನು ಎಸೆದರೆ ಊಟ. ದಾರಿಹೋಕ ಹುಡುಗರು ಕಲ್ಲೆಸೆದರೆ ಆಟ. ಗೃಹಪ್ರವೇಶದ ಹಿಂದಿನ ದಿನ ಅದನ್ನು ಬಿಚ್ಚಿ ಬೀದಿಗಟ್ಟಿದರು. ವಾರದೊಳಗೆ ಅದು ಹಾಲು ಹಾಕುವ ಹುಡುಗನನ್ನು ಕಚ್ಚಿತು. ಎದುರುಮನೆಯಲ್ಲಿದ್ದ ನಿವೃತ್ತ ದಾದಿಯೊಬ್ಬರು ಹುಡುಗನ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಆಸ್ಪತ್ರೆಗೆ ಕರೆದೊಯ್ದು ಚುಚ್ಚುಮದ್ದಿನ ಕ್ರಮವನ್ನು ಆರಂಭಿಸಿದರು. ಬಳಿಕ ನಾಯಿಯ ಬಗ್ಗೆ ಯೋಚಿಸಿದರು. ಹೊಡೆದು ಕೊಲ್ಲಬೇಕೆಂದವರೂ ಇದ್ದರು, ದೂರ ಸಾಗಿಸಿ ಬಿಡಬೇಕೆಂದವರೂ ಇದ್ದರು. ಆಕೆ ಅದನ್ನು ತಮ್ಮ ಹಿತ್ತಲಿಗೆ ಸೇರಿಸಿಕೊಂಡು, ಕದವನ್ನು ಭದ್ರಪಡಿಸಿ, ಕರಿಯನೆಂದು ಕರೆದರು. ಮೊದಲ ಹತ್ತು ದಿನ ರೋಗಲಕ್ಷಣಗಳಿಗಾಗಿ ಕಾದು ನೋಡಿದುದಾಯಿತು, ಅಂಥದೇನೂ ಕಾಣಲಿಲ್ಲ. ಅನಂತರ ಆರಂಭವಾದುದು ನಿಜವಾದ ಪಾಠ.

ಹಾಲಿನ ಹುಡುಗ ಹೇಳಿದುದು, ನಾಯಿ ಸುಮ್ಮನೆ ನಿಂತಿತ್ತು, ಮುದ್ದಿಸಲು ತಲೆಯ ಮೇಲೆ ಕೈಯಿಡುವಷ್ಟರಲ್ಲಿ ಏಕಾಏಕಿ ಕಚ್ಚಿತು ಎಂದು. ಕಚ್ಚಿಸಿಕೊಂಡವರು ಬಹುಮಟ್ಟಿಗೆ ಹೇಳುವ ಮಾತಿದು. ಏಕಾಏಕಿ ಕಚ್ಚುವ ನಾಯಿ ಅಪರೂಪ. ಕಚ್ಚುವುದಕ್ಕೆ ಮೊದಲು ಅದು ಹಲವು ಮಾತುಗಳನ್ನಾಡಿರುತ್ತದೆ. ಮೊದಲು ಮುಖವನ್ನು ಪಕ್ಕಕ್ಕೆ ತಿರುಗಿಸುತ್ತದೆ. ತಿಂಡಿ ಎದುರಿಗಿಲ್ಲದಿದ್ದರೂ ತುಟಿಯನ್ನು ನೆಕ್ಕುತ್ತದೆ. ನಿದ್ರೆ ಬಾರದಿದ್ದರೂ ಆಕಳಿಸುತ್ತದೆ. ಕಿವಿಗಳನ್ನು ಹಿಂದಕ್ಕೆ ಒತ್ತಿ, ಬಾಲವನ್ನು ಹೊಟ್ಟೆಯಡಿ ಸೇರಿಸಿ, ಮೈಯನ್ನು ಕುಗ್ಗಿಸುತ್ತದೆ. ಕಣ್ಣಿನ ಬಿಳಿ ಒಂದು ಅಂಚಿನಲ್ಲಿ ಕಾಣುವಂತೆ ಓರೆನೋಟ ಬೀರುತ್ತದೆ. ಇವಾವುದೂ ಫಲಿಸದಿದ್ದರೆ ಕಲ್ಲಿನಂತೆ ನಿಶ್ಚಲವಾಗುತ್ತದೆ. ಹುಡುಗ ಸುಮ್ಮನೆ ನಿಂತಿತ್ತೆಂದು ತಿಳಿದುದು ಈ ನಿಶ್ಚಲತೆಯನ್ನೇ. ಆಮೇಲೆ ಗುರುಗುಟ್ಟುವುದು, ಹಲ್ಲು ತೋರುವುದು, ಗಾಳಿಯಲ್ಲಿ ಬಾಯಿ ಹಾಕುವುದು. ಕಚ್ಚುವುದು ಈ ವಾಕ್ಯದ ಕೊನೆಯ ಪದ. ಮೊದಲಿನ ಪದಗಳನ್ನೆಲ್ಲ ಬಿಟ್ಟು ಕೊನೆಯ ಪದವನ್ನು ಮಾತ್ರ ಕೇಳಿದವನಿಗೆ ವಾಕ್ಯದ ಅರ್ಥವಾಗುವುದಾದರೂ ಹೇಗೆ?

ಇಲ್ಲಿಯೇ ನಾವು ಸಾಮಾನ್ಯವಾಗಿ ಮಾಡುವ ಅನಾಹುತವೊಂದಿದೆ. ನಾಯಿ ಗುರುಗುಟ್ಟಿತೆಂದರೆ ಕೋಲೆತ್ತುತ್ತೇವೆ. ಕೋಲಿಗೆ ಅಂಜಿ ಅದು ಗುರುಗುಟ್ಟುವುದನ್ನು ನಿಲ್ಲಿಸುತ್ತದೆ. ನಮ್ಮ ಶಿಕ್ಷಣ ಫಲಿಸಿತೆಂದು ಸಂತೋಷಪಡುತ್ತೇವೆ. ಭಯ ಹೋಗಿರುವುದಿಲ್ಲ, ಭಯವನ್ನು ಹೇಳಿಕೊಳ್ಳುವ ಮಾತು ಹೋಗಿರುತ್ತದೆ. ಮುಂದೆ ಆ ನಾಯಿ ಮುನ್ಸೂಚನೆಯಿಲ್ಲದೆ ಕಚ್ಚತೊಡಗುತ್ತದೆ. ಗುರುಗುಟ್ಟುವ ನಾಯಿಗಿಂತ ಗುರುಗುಟ್ಟುವುದನ್ನು ಮರೆತ ನಾಯಿ ಹೆಚ್ಚು ಅಪಾಯಕರ. ಗುರುಗುಟ್ಟುವಿಕೆ ಅವಿಧೇಯತೆಯಲ್ಲ, ಎಚ್ಚರಿಕೆ. ಒಂದರ್ಥದಲ್ಲಿ ಅದು ನಾಯಿಯ ಸೌಜನ್ಯವೇ ಸರಿ. ಗುರುಗುಟ್ಟಿದಾಗ ಮಾಡತಕ್ಕದ್ದು ಒಂದೇ: ನಿಂತು, ಹಿಂದೆ ಸರಿದು, ಅದು ಯಾವುದಕ್ಕೆ ಅಂಜಿತೆಂಬುದನ್ನು ಗುರುತಿಸಿಕೊಳ್ಳುವುದು.

ದಾದಿಯವರು ಮಾಡಿದುದೂ ಇದನ್ನೇ. ಮೊದಲ ಮೂರು ವಾರ ಅವರು ಕರಿಯನನ್ನು ಮುಟ್ಟುವುದಿರಲಿ, ನೇರವಾಗಿ ನೋಡಲೂ ಇಲ್ಲ. ಪಶುವೈದ್ಯರ ಸಲಹೆಯಂತೆ ಮೆಟ್ಟಿಲ ಕೆಳಗೆ ಗೋಣಿ ಹಾಸಿ ಅದಕ್ಕೊಂದು ಅಡಗುದಾಣ ಮಾಡಿಕೊಟ್ಟರು. ಅಲ್ಲಿಗೆ ಯಾರೂ ಕೈ ಹಾಕಕೂಡದೆಂಬುದು ಮನೆಯ ಕಟ್ಟಳೆಯಾಯಿತು. ದಿನವೂ ಅದೇ ಹೊತ್ತಿಗೆ ಊಟವಿಟ್ಟು ಹಿಂದೆ ಸರಿಯುವರು. ಸಂಜೆ ಹತ್ತು ಮೊಳ ದೂರದಲ್ಲಿ ಓರೆಯಾಗಿ ಕುಳಿತು ಪತ್ರಿಕೆ ಓದುತ್ತ, ನಡುನಡುವೆ ಬೇಯಿಸಿದ ಮೊಟ್ಟೆಯ ಚೂರನ್ನು ಅದರತ್ತ ಎಸೆಯುವರು. ಹೊಸಬರ ಅಭ್ಯಾಸವಾಗಲೆಂದು ನನ್ನನ್ನೂ ಕರೆದರು. ನನಗೆ ವಹಿಸಿದ ಕೆಲಸವೆಂದರೆ ಏನೂ ಮಾಡದಿರುವುದು. ಪರೀಕ್ಷೆಯ ಕಾಲವಾದುದರಿಂದ ಉತ್ತರಪತ್ರಿಕೆಗಳ ಕಟ್ಟನ್ನು ಒಯ್ದು, ಸ್ಟೂಲಿನ ಮೇಲೆ ಗೋಡೆಗೆ ಮುಖಮಾಡಿ ಕುಳಿತು ತಿದ್ದುತ್ತಿದ್ದೆ. ನಾನು ಒಳಗೆ ಬಂದೊಡನೆ ಮೊಟ್ಟೆಯ ಚೂರು ಬೀಳುವುದು. ನಾನು ಹೊರಟೊಡನೆ ನಿಲ್ಲುವುದು. ಗಂಟೆಯ ನಾದಕ್ಕೂ ಆಹಾರಕ್ಕೂ ನಂಟು ಬೆಳೆದರೆ ನಾದವನ್ನು ಕೇಳಿದಷ್ಟಕ್ಕೇ ಬಾಯಲ್ಲಿ ನೀರೂರುತ್ತದೆಂಬ, ರಷ್ಯದ ಪಾವ್‌ಲೋವ್ ಪಂಡಿತನಿಂದ ಪ್ರಸಿದ್ಧವಾದ ತತ್ತ್ವವೇ ಇದು. ಭಯ ಕಲಿತುದೂ ಆ ದಾರಿಯಲ್ಲೇ. ಅಳಿಯಬೇಕಾದುದೂ ಆ ದಾರಿಯಲ್ಲೇ. ಸುಮಾರು ನಲವತ್ತನೆಯ ದಿನ ಕರಿಯ ತಾನಾಗಿಯೇ ಬಂದು ಉತ್ತರಪತ್ರಿಕೆಗಳ ಕಟ್ಟನ್ನು ಮೂಸಿ ಹೋಯಿತು. ನಾನು ಪುಟ ತಿರುವುವುದನ್ನೂ ನಿಲ್ಲಿಸಿ ಕುಳಿತಿದ್ದೆ.

ದಾರಿ ನೇರವಾಗಿರಲಿಲ್ಲ. ಬಲಗಿವಿಯ ಬಳಿ ಕೈ ಸುಳಿದರೆ ಕರಿಯ ತಟ್ಟನೆ ಕೆರಳುವುದನ್ನು ಕಂಡು, ಪಶುವೈದ್ಯರು ಮತ್ತು ಬರುವಂತೆ ಮದ್ದು ಕೊಟ್ಟು ಪರೀಕ್ಷಿಸಿದಾಗ ಕಿವಿಯೊಳಗೆ ಹಳೆಯ ಸೋಂಕು ಕಂಡಿತು. ಕಚ್ಚುವ ನಾಯಿಯ ಕಿವಿ, ಹಲ್ಲು, ಕೀಲುಗಳನ್ನು ಮೊದಲು ನೋಡಬೇಕೆಂಬುದು ವೈದ್ಯರ ಮಾತು. ಎಷ್ಟೋ ವೇಳೆ ಸ್ವಭಾವವೆಂದು ನಾವು ಕರೆಯುವುದು ನೋವಾಗಿರುತ್ತದೆ. ದೀಪಾವಳಿಯ ಪಟಾಕಿಗೆ ಬೆದರಿ ಅದು ಒಂಬತ್ತು ದಿನ ಮೆಟ್ಟಿಲ ಕೆಳಗಿನಿಂದ ಹೊರಬರಲಿಲ್ಲ. ಮತ್ತೆ ಹತ್ತು ಮೊಳದ ದೂರದಿಂದಲೇ ಆರಂಭಿಸಬೇಕಾಯಿತು. ಮೂತಿಗೆ ಹಾಕುವ ಬುಟ್ಟಿಯನ್ನು ಮೊಸರನ್ನದ ಆಸೆ ತೋರಿಸಿ, ಬಲವಂತವಿಲ್ಲದೆ ಅಭ್ಯಾಸ ಮಾಡಿಸಿದರು. ಅದಿಲ್ಲದೆ ಅದನ್ನು ಬೀದಿಗೆ ಕರೆದೊಯ್ದುದಿಲ್ಲ. ಒಂದು ವರ್ಷ ದಾಟಿತು. ಕರಿಯ ಇಂದು ಎಲ್ಲರನ್ನೂ ಮೂಸಿ ಮುದ್ದಿಸುವ ನಾಯಿಯೇನೂ ಆಗಿಲ್ಲ. ಅತಿಥಿಗಳು ಬಂದರೆ ಎದ್ದು ತನ್ನ ಗೋಣಿಯ ಮೇಲೆ ಹೋಗಿ ಮಲಗುತ್ತದೆ; ಅತಿಥಿಗಳೂ ಅದನ್ನು ಮುಟ್ಟಕೂಡದೆಂದು ಮೊದಲೇ ತಿಳಿದಿರುತ್ತಾರೆ. ಎದ್ದು ಹೋಗಲು ಸ್ಥಳವುಂಟೆಂದು ಬಲ್ಲ ನಾಯಿಗೆ ಕಚ್ಚುವ ಅಗತ್ಯ ಬರಲಿಲ್ಲ. ಯಶಸ್ಸೆಂದರೆ ಇಷ್ಟೇ, ಇದು ಕಡಮೆಯದೇನೂ ಅಲ್ಲ.

ಒಂದು ಹಿತ್ತಲಿನ ಕಥೆಯಿಂದ ಸಿದ್ಧಾಂತ ಮಾಡಬಾರದೆಂದು ವಾಚಕರು ಹೇಳಬಹುದು, ನ್ಯಾಯವೇ. ಆದುದರಿಂದ ದೊಡ್ಡ ನಿದರ್ಶನಗಳನ್ನೇ ನೋಡೋಣ. 2007ರಲ್ಲಿ ಅಮೆರಿಕದ ವರ್ಜೀನಿಯ ಪ್ರಾಂತದಲ್ಲಿ, ಮೈಕೆಲ್ ವಿಕ್ ಎಂಬ ಪ್ರಸಿದ್ಧ ಫುಟ್‌ಬಾಲ್ ಆಟಗಾರನ ಆಸ್ತಿಯಲ್ಲಿ ನಾಯಿಕಾಳಗಕ್ಕಾಗಿ ಸಾಕಿದ್ದ ಐವತ್ತರಷ್ಟು ನಾಯಿಗಳು ಸಿಕ್ಕವು. ಅದುವರೆಗೆ ಇಂಥ ನಾಯಿಗಳನ್ನು ಪರೀಕ್ಷಿಸದೆಯೇ ಕೊಲ್ಲುವುದು ವಾಡಿಕೆಯಾಗಿತ್ತು. ಈ ಬಾರಿ ನ್ಯಾಯಾಲಯ ಒಂದೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸಲು ಅವಕಾಶವಿತ್ತಿತು; ಅವುಗಳ ಹಿತವನ್ನು ನೋಡಿಕೊಳ್ಳಲು ಕಾನೂನಿನ ಪ್ರಾಧ್ಯಾಪಕಿಯೊಬ್ಬರನ್ನು ನೇಮಿಸಿತು; ಪೋಷಣೆಯ ವೆಚ್ಚಕ್ಕೆ ಅಪರಾಧಿಯಿಂದಲೇ 9 ಲಕ್ಷ ಡಾಲರುಗಳಿಗೂ ಹೆಚ್ಚು ಹಣ ಬಂದಿತು. ಪರೀಕ್ಷಿಸಿದವರಿಗೆ ಕಂಡುದು ಕ್ರೌರ್ಯಕ್ಕಿಂತ ಹೆಚ್ಚಾಗಿ ಭಯ. ಹಲವು ನಾಯಿಗಳು ಮನುಷ್ಯರನ್ನು ಕಂಡೊಡನೆ ನೆಲಕ್ಕೆ ದೋಸೆಯಂತೆ ಅಂಟಿಕೊಳ್ಳುತ್ತಿದ್ದುವಂತೆ. ಅವುಗಳಲ್ಲಿ 47 ನಾಯಿಗಳು ಉಳಿದವು. ಕೆಲವು ಮನೆಗಳಲ್ಲಿ ನೆಲೆಸಿದವು, ಕೆಲವು ಕೊನೆಯವರೆಗೂ ಆಶ್ರಯಧಾಮದಲ್ಲಿಯೇ ಬಾಳಿದವು. ಅತಿಭಯದ ನಾಯಿಗಳಿಗೆಂದೇ 2013ರಲ್ಲಿ ಆ ದೇಶದಲ್ಲಿ ಒಂದು ಶುಶ್ರೂಷಾಕೇಂದ್ರ ಆರಂಭವಾಗಿ, 2018ರಲ್ಲಿ ಉತ್ತರ ಕ್ಯಾರೊಲಿನದಲ್ಲಿ ಸ್ಥಿರವಾಗಿ ನೆಲೆನಿಂತಿತು. ಅಲ್ಲಿ ಚಿಕಿತ್ಸೆ ಪಡೆದ ನಾನೂರಕ್ಕೂ ಹೆಚ್ಚು ನಾಯಿಗಳ ವರದಿ 2022ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ನೂರಕ್ಕೆ 86ರಷ್ಟು ಗುಣಹೊಂದಿ ಹೊರಬಂದಿದ್ದವು.

ಇನ್ನು ಗಂಭೀರವಾದ ಆಕ್ಷೇಪವೊಂದಿದೆ. ಅದಕ್ಕೆ ಉತ್ತರ ಹೇಳದೆ ಹೋಗುವುದು ಪ್ರಾಮಾಣಿಕತೆಯಲ್ಲ. ಜಗತ್ತಿನ ರೇಬೀಸ್ ಮರಣಗಳಲ್ಲಿ ನೂರಕ್ಕೆ 36ರಷ್ಟು ಭಾರತದಲ್ಲೇ ಆಗುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಆ ರೋಗದಿಂದ ಬದುಕಿದವರು ಇಲ್ಲವೆನ್ನುವಷ್ಟು ವಿರಳ. ಕಚ್ಚಿಸಿಕೊಳ್ಳುವವರು ಬಹುಮಟ್ಟಿಗೆ ಬಡವರು, ಮಕ್ಕಳು, ನಸುಕಿನಲ್ಲಿ ಕೆಲಸಕ್ಕೆ ಹೊರಡುವವರು. ಅವರ ನೋವಿಗಿಂತ ನಾಯಿಯ ಭಯ ದೊಡ್ಡದೆಂದು ನಾನು ಹೇಳಲಾರೆ. ಕಚ್ಚಿದ ಗಾಯವನ್ನು ತೊಳೆದು ಅಂದೇ ವೈದ್ಯರಲ್ಲಿಗೆ ಹೋಗತಕ್ಕದ್ದು, ಸುಣ್ಣ, ಮೆಣಸಿನ ಪುಡಿಗಳನ್ನು ಗಾಯಕ್ಕೆ ಮೆತ್ತಕೂಡದು, ಚುಚ್ಚುಮದ್ದನ್ನು ನಡುವೆ ನಿಲ್ಲಿಸಕೂಡದು. ಅಂಜುವ ನಾಯಿಯೊಡನೆ ಮಗುವನ್ನು ಒಂಟಿಯಾಗಿ ಬಿಡಕೂಡದು. ಎಷ್ಟು ಶ್ರಮಿಸಿದರೂ ಜನರ ನಡುವೆ ಬಾಳಲಾರದ ನಾಯಿಗಳು ಉಂಟೆಂಬುದನ್ನೂ ಒಪ್ಪಬೇಕು. ಆದರೆ ಜನರ ಕ್ಷೇಮವನ್ನು ಬಯಸುವವರೇ ಈ ಮಾತನ್ನು ಮೊದಲು ಆಲೋಚಿಸಬೇಕು: ಅಂಜಿದ ನಾಯಿಯನ್ನು ಬಡಿದು, ಕಿರಿದಾದ ಪಂಜರದಲ್ಲಿ ನೂರಾರು ನಾಯಿಗಳ ಬೊಗಳಾಟದ ನಡುವೆ ತುಂಬಿದರೆ ಅದರ ಭಯ ಹೆಚ್ಚುವುದಲ್ಲದೆ ಕಡಮೆಯಾಗದು. ಭಯ ಹೆಚ್ಚಿದಷ್ಟೂ ಕಡಿತ ಹೆಚ್ಚು. ಇಲ್ಲಿ ದಯೆಯೂ ವಿವೇಕವೂ ಒಂದೇ ದಾರಿಯನ್ನು ತೋರುತ್ತವೆ.

ಆಗಬೇಕಾದ ಕೆಲಸ ಅಸಾಧ್ಯವಾದುದೇನಲ್ಲ. ಒಂದು ನಾಯಿಯನ್ನು ‘ಆಕ್ರಮಣಕಾರಿ’ ಎಂದು ದಾಖಲಿಸುವ ಮುನ್ನ ಅದನ್ನು ಬಲ್ಲವರೊಬ್ಬರು ಶಾಂತವಾದ ಸ್ಥಳದಲ್ಲಿ ಕೆಲವು ದಿನ ನೋಡಲಿ. ಅದಕ್ಕೆ ನೋವಿದೆಯೆ, ಭಯವಿದೆಯೆ ಎಂದು ಪಶುವೈದ್ಯರು ಪರೀಕ್ಷಿಸಲಿ. ಪ್ರತಿ ಆಶ್ರಯತಾಣದಲ್ಲೂ ಅಂಜಿದ ನಾಯಿಗಳಿಗೆ ಗದ್ದಲವಿಲ್ಲದ ಕೆಲವು ಕೋಣೆಗಳಿರಲಿ. ಕಾವಲಿಗೆಂದು ಮರಿಯನ್ನು ತಂದು, ಮನೆ ಮುಗಿದ ಮೇಲೆ ಬೀದಿಗೆ ದೂಡುವವನಿಗೆ ನಾಟುವಂಥ ದಂಡ ಬರಲಿ. ಎಲ್ಲಕ್ಕಿಂತ ಮಿಗಿಲಾಗಿ, ಪ್ರಾಥಮಿಕ ಶಾಲೆಯ ಮಕ್ಕಳಿಗೆ ನಾಯಿಯ ಮೈಮಾತನ್ನು ಓದುವುದನ್ನು ಕಲಿಸಲಿ. ಅಪರಿಚಿತ ನಾಯಿಯ ತಲೆಯ ಮೇಲೆ ಕೈಯಿಡಬಾರದು, ಉಣ್ಣುವ ನಾಯಿಯನ್ನು ಕೆಣಕಬಾರದು, ಎದುರಾದಾಗ ಓಡಬಾರದು ಎಂಬ ಮೂರು ಪಾಠಗಳಿಂದಲೇ ಎಷ್ಟೋ ಗಾಯಗಳು ತಪ್ಪುತ್ತವೆ.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಶಾಸನವನ್ನು ಕನ್ನಡ ಓದಿದವರೆಲ್ಲ ಬಲ್ಲರು. ಕ್ರಿ.ಶ. 950ರ ಸುಮಾರಿನ ಆ ಕಲ್ಲು, ಕಾಡುಹಂದಿಯೊಡನೆ ಹೋರಾಡಿ ಅದರೊಡನೆಯೇ ಮಡಿದ ಕಾಳಿಯೆಂಬ ನಾಯಿಯ ನೆನಪಿಗೆ ನಿಂತುದು. ಗಂಗ ಬೂತುಗನ ಅನುಚರನಾದ ಮಣಲೆರ, ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಏನು ಬೇಕೆಂದು ಒಡೆಯ ಕೇಳಿದಾಗ ಆ ನಾಯಿಯನ್ನು ಬೇಡಿದ್ದನು. ಆ ಕಲ್ಲನ್ನು ಪೂಜಿಸದೆ ಉಂಡರೆ ಅರ್ಚಕನಿಗೆ ಪಾಪವೆಂದೂ ಬರೆಸಿದರು. ಶೂರನಾದ ನಾಯಿಗೆ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಇದು ಹೆಮ್ಮೆಯ ಮಾತು. ಆದರೆ ಶೌರ್ಯವನ್ನು ಮೆಚ್ಚುವುದು ಸುಲಭ. ಅಂಜಿದವನ ಎದುರಿಗೆ ಹತ್ತು ಮೊಳ ದೂರ ಕುಳಿತು, ಅವನಾಗಿಯೇ ಬರುವವರೆಗೆ ಕಾಯುವುದು ಕಷ್ಟ. ನಾಯಿಯ ಬಾಲ ಡೊಂಕೆಂದು ಗಾದೆ ಹೇಳಿದರೆ ಹೇಳಲಿ. ಬಾಲ ಅದರ ಮಾತಿನ ಒಂದು ಭಾಗ. ಅದನ್ನು ನಳಿಗೆಯಲ್ಲಿಡುವುದು ನಮ್ಮ ಕೆಲಸವಲ್ಲ, ಓದುವುದು ನಮ್ಮ ಕೆಲಸ.